ಸೇಲಂ, ಧರ್ಮಪುರಿಗೆ ವಾಸಕ್ಕೆ ಹೊರಟಿದ್ದೀರಾ? ನಿಮ್ಮ ಕನ್ನಡವನ್ನು ಜೊತೆಗೆ ಕಟ್ಟಿಕೊಳ್ಳಿ

ಬ್ಯಾಂಕಿನ ವರ್ಗಾವಣೆ, ರೈಲ್ವೆ ಕೆಲಸ, ಉಕ್ಕಿನ ಕಾರ್ಖಾನೆಯ ನೌಕರಿ, ಕಾಲೇಜಿನ ಸೀಟು, ಕೊನೆಗೆ ಮದುವೆ. ಸೇಲಂ ಕಡೆಗೆ ಕನ್ನಡಿಗರನ್ನು ಕರೆದೊಯ್ಯುವ ಕಾರಣಗಳು ಹೆಚ್ಚಾಗಿ ಇವೇ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್, ಹೆದ್ದಾರಿಯಲ್ಲಿ ನಾಲ್ಕು ಗಂಟೆಯ ದಾರಿ. ಬಟ್ಟೆಬರೆ, ಪಾತ್ರೆ ಪಗಡೆ ಲಾರಿಗೆ ಹಾಕುವಾಗ ಯಾರಿಗೂ ಭಯವಿರುವುದಿಲ್ಲ. ತೊಪ್ಪೂರು ಘಾಟ್ ಇಳಿದು ಬಸ್ ನಿಲ್ದಾಣದಲ್ಲಿ ಕಾಲಿಟ್ಟಾಗ ಬೋರ್ಡು ಓದಲಾಗುವುದಿಲ್ಲ, ಕಂಡಕ್ಟರ್ ಹೇಳಿದ್ದು ತಿಳಿಯುವುದಿಲ್ಲ. ಭಯ ಶುರುವಾಗುವುದು ಆಗ. ವರ್ಷಕ್ಕೆ ಇಬ್ಬರೋ ಮೂವರೋ ನನಗೆ ಫೋನ್ ಮಾಡಿ ಕೇಳುತ್ತಾರೆ: "ತಮಿಳು ಒಂದಕ್ಷರ ಬರೋದಿಲ್ಲ, ಅಲ್ಲಿ ಹೇಗೆ ಬದುಕೋದು?" ಸೇಲಂನ ಅಮ್ಮಾಪೇಟೆಯ ಬಾಡಿಗೆ ಮನೆಯಲ್ಲಿ ವರ್ಷಗಳನ್ನು ಕಳೆದು ಕಲಿತದ್ದನ್ನು ಅವರಿಗೆ ಹೇಳುವಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ಈ ನೆಲ ನಮಗೆ ಹೊಸದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೇ ಶತಮಾನದಲ್ಲಿ ಅದನ್ನು ಆಳಿದ ನೊಳಂಬರು ಅಲ್ಲಿ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದ್ದಾರೆ. ಮುಂದೆ ಈ ಸೀಮೆ ಮೈಸೂರಿನ ಕೈಯಲ್ಲಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಸೇಲಂ ಅನ್ನೂ ಧರ್ಮಪುರಿ ಸೇರಿದ್ದ ಬಾರಾಮಹಲ್ ಸೀಮೆಯನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಆಗ ಬಂದ ಹೊರನಾಡಿನವರಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಒಬ್ಬ. ಏಳು ವರ್ಷ ಬಾರಾಮಹಲಿನಲ್ಲಿ ದುಡಿದು, ಧರ್ಮಪುರಿಯಲ್ಲಿ ತೋಟ ಬೆಳೆಸಿಕೊಂಡು, 1799ರಲ್ಲಿ ಕೆನರಾಕ್ಕೆ ವರ್ಗವಾದಾಗ ಒಲ್ಲದ ಮನಸ್ಸಿನಿಂದ ಹೊರಟ. ಸ್ಕಾಟ್ಲೆಂಡಿನಿಂದ ಬಂದವನಿಗೆ ಒಗ್ಗಿದ ಊರು, ಪಕ್ಕದ ಮನೆಯವರಾದ ನಮಗೆ ಒಗ್ಗದೆ ಹೋದೀತೇ?

ಕನ್ನಡವೇ ಏಕೆ ಕೆಲಸಕ್ಕೆ ಬರುತ್ತದೆ

ಹೊಸಬರು ಮಾಡುವ ಮೊದಲ ಕೆಲಸ ಇಂಗ್ಲಿಷ್ ಅಥವಾ ಹಿಂದಿಯನ್ನು ಮುಂದಿಡುವುದು. ಇಂಗ್ಲಿಷ್ ಕಚೇರಿಯಲ್ಲಿ ನಡೆಯುತ್ತದೆ, ತರಕಾರಿ ಅಂಗಡಿಯಲ್ಲಿ ನಡೆಯುವುದಿಲ್ಲ. 1968ರಿಂದ ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ತಮಿಳು, ಇಂಗ್ಲಿಷ್ ಎರಡೇ ಭಾಷೆ. ಹಾಗಾಗಿ ಹಿಂದಿ ಮಾತಾಡಿದರೆ ಎದುರಿನವರು ಸುಮ್ಮನೆ ಮುಖ ನೋಡುತ್ತಾರೆ. ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ ಕನ್ನಡವೇ.

ಕನ್ನಡ, ತಮಿಳು ಒಂದೇ ಬೇರಿನ ಭಾಷೆಗಳು. ಸಾವಿರಾರು ಪದಗಳು ಎರಡರಲ್ಲೂ ಇವೆ, ಬದಲಾಗಿರುವುದು ಉಚ್ಚಾರಣೆ ಮಾತ್ರ. ಆ ಬದಲಾವಣೆಗೆ ಕ್ರಮವಿದೆ. ಆ ಕ್ರಮ ನಾಲ್ಕೇ ಸೂತ್ರಗಳಲ್ಲಿ ಹಿಡಿಸುತ್ತದೆ.

ಒಂದು, ನಮ್ಮ 'ಹ' ಅಲ್ಲಿ 'ಪ'. ಹಳಗನ್ನಡದಲ್ಲೂ ಅದು 'ಪ'ವೇ ಆಗಿತ್ತು. ಹಾಲು ಪಾಲ್, ಹೂವು ಪೂ, ಹುಲಿ ಪುಲಿ, ಹಲ್ಲು ಪಲ್ಲು, ಹತ್ತು ಪತ್ತು, ಹಾಗಲಕಾಯಿ ಪಾಗಲ್‌ಕಾಯ್. ಸೇಲಂನಲ್ಲಿ ಎರಡು ಬಸ್ ನಿಲ್ದಾಣಗಳಿವೆ, 'ಪಳೈಯ'ದು ಮತ್ತು 'ಪುದಿಯ'ದು. ಪಳೈಯ ಎಂದರೆ ಹಳೆಯದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡು, ನಮ್ಮ 'ಬ' ಅಲ್ಲಿ 'ವ'. ಬಾ ಅಂದರೆ ವಾ, ಬಾಯಿ ವಾಯ್, ಬೆಲ್ಲ ವೆಲ್ಲಂ, ಬೆಣ್ಣೆ ವೆಣ್ಣೈ, ಬೆಂಡೆಕಾಯಿ ವೆಂಡೈಕ್ಕಾಯ್, ಬೆಳ್ಳಿ ವೆಳ್ಳಿ, ಬೇಡ ವೇಂಡಾಂ. ಬಾಡಿಗೆ ವಾಡಗೈ. ಮನೆ ಹುಡುಕುವವರಿಗೆ ಈ ಒಂದು ಪದ ಸಾಕು.

ಮೂರು, ಪದದ ಕೊನೆಯ 'ಎ' ಅಲ್ಲಿ 'ಐ' ಆಗುತ್ತದೆ. ತಲೆ ತಲೈ, ಮಲೆ ಮಲೈ, ಮಳೆ ಮಳೈ, ಅವರೆ ಅವರೈ. ಅದರ ಜೊತೆಗೇ, ಕೆಲವು ಪದಗಳಲ್ಲಿ ನಮ್ಮ ಮೊದಲಕ್ಷರದ 'ಎ' ಅಲ್ಲಿ 'ಇ', 'ಒ' ಅಲ್ಲಿ 'ಉ'. ಎಲೆ ಇಲೈ, ಬೆಲೆ ವಿಲೈ, ಕೊಡೆ ಕುಡೈ. ಆಟೋದಲ್ಲಿ ಕೂತಾಗ ಎಡಕ್ಕೆ 'ಇಡದು', ಬಲಕ್ಕೆ 'ವಲದು'.

ನಾಲ್ಕು, ನಮ್ಮ ಮೊದಲಕ್ಷರದ 'ಕ' ಕೆಲವು ಪದಗಳಲ್ಲಿ ಅಲ್ಲಿ 'ಚ' ಅಥವಾ 'ಸ'. ಕಿವಿ ಸೆವಿ, ಕೇರಿ ಸೇರಿ, ಕೆಮ್ಮಣ್ಣು ಸೆಮ್ಮಣ್ಣು. ಸೇಲಂನ ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಬಡಾವಣೆ ಸೆವ್ವಾಪೇಟೆ. ಸೆವ್ವಾಯ್ ಅಂದರೆ ಕೆಂಪು ಗ್ರಹ, ಮಂಗಳ. ಮಂಗಳವಾರದ ಸಂತೆಯ ಪೇಟೆ ಅದು.

ಈ ನಾಲ್ಕೂ ಕೈಗೆ ಬಂದ ಮೇಲೆ ಹೊಗೆನಕಲ್‌ಗೆ ಹೋಗಿ ಬನ್ನಿ. ಹೆಸರು ಕನ್ನಡದ್ದು, ಹೊಗೆಯಾಡುವ ಕಲ್ಲು. ತಮಿಳಿನಲ್ಲಿ ಹೊಗೆಗೆ ಪುಗೈ ಅನ್ನುತ್ತಾರೆ, ಆದರೆ ಊರಿನ ಹೆಸರನ್ನು ಪುಗೈ ಮಾಡದೆ ನಮ್ಮ ಪದವನ್ನೇ ಇಟ್ಟುಕೊಂಡು 'ಹ' ಒಂದನ್ನು ಬಿಟ್ಟು 'ಒಗೇನಕ್ಕಲ್' ಎಂದು ಬರೆದಿದ್ದಾರೆ. ಆ ಬೋರ್ಡನ್ನು ನಾನೇ ಓದಿಕೊಂಡ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಹಂತ ಹಂತವಾಗಿ

1. ಮೊದಲ ವಾರ ಎಣಿಕೆ ಕಲಿಯಿರಿ

ಒನ್ನು, ರೆಂಡು, ಮೂನು, ನಾಲು, ಅಂಜು, ಆರು, ಏಳು, ಎಟ್ಟು, ಒಂಬದು, ಪತ್ತು. ಕಾಲು ಕಿಲೋ, ಅರೈ ಕಿಲೋ, ಮುಕ್ಕಾಲು ಕಿಲೋ ನಮ್ಮವೇ. ಸುಲಭ ಅನ್ನಿಸುತ್ತದೆ, ಆದರೆ ಮೋಸ ಹೋಗುವುದೂ ಇಲ್ಲೇ. ಅಂಬದು ಐವತ್ತು, ಎಂಬದು ಎಂಬತ್ತು, ಒಂಬದು ಒಂಬತ್ತು. ಗದ್ದಲದ ಸಂತೆಯಲ್ಲಿ ಮೂರೂ ಒಂದೇ ಥರ ಕೇಳಿಸುತ್ತವೆ. ಒಮ್ಮೆ ನುಗ್ಗೆಕಾಯಿ, ಬದನೆಕಾಯಿ ಚೀಲಕ್ಕೆ ಹಾಕಿಸಿಕೊಂಡು ಐವತ್ತರ ನೋಟು ಕೊಟ್ಟು ತಿರುಗಿದೆ. ಅಂಗಡಿಯಾಕೆ ಕೂಗಲಿಲ್ಲ, ಕೈ ಚಾಚಿಕೊಂಡೇ ಕೂತಿದ್ದಳು. ನಾನು ಮತ್ತೆ ತಿರುಗಿ ನೋಡಿದಾಗ ಎರಡೂ ಕೈಯ ಎಂಟು ಬೆರಳು ಎತ್ತಿ, "ಎಟ್ಟು ಪತ್ತು, ಕಣ್ಣು" ಅಂದಳು. ಆಗಿನಿಂದ ಅನುಮಾನ ಬಂದರೆ ನಾನೇ "ಅಂಜು ಪತ್ತಾ, ಎಟ್ಟು ಪತ್ತಾ?" ಎಂದು ಕೇಳಿಬಿಡುತ್ತೇನೆ.

ಇನ್ನೊಂದು ಎಚ್ಚರ: ತೊಂಬತ್ತಕ್ಕೆ ಅಲ್ಲಿ 'ತೊಣ್ಣೂರು'. ಕೊನೆಯಲ್ಲಿ 'ನೂರು' ಕೇಳಿಸಿತೆಂದು ನೂರರ ಲೆಕ್ಕ ಹಾಕಬೇಡಿ. ಒಂಬೈನೂರು 'ತೊಳ್ಳಾಯಿರಂ'. ಅದರ ಕೊನೆಯಲ್ಲಿ 'ಆಯಿರಂ', ಅಂದರೆ ಸಾವಿರ, ಕೇಳಿಸುತ್ತದೆ. ನಮ್ಮ ಎಣಿಕೆಯ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ.

ಎಣಿಕೆಗೆ ಒಳ್ಳೆಯ ಶಾಲೆ ಉಳವರ್ ಸಂದೈ. ರೈತರು ನೇರವಾಗಿ ಮಾರುವ ಈ ಸಂತೆಗಳನ್ನು ತಮಿಳುನಾಡು ಸರ್ಕಾರ 1999ರಲ್ಲಿ ಶುರು ಮಾಡಿತು. ಸೇಲಂನಲ್ಲೂ ಹಲವು ಕಡೆ ಇವೆ. ದಿನದ ಬೆಲೆಯನ್ನು ಹಲಗೆಯ ಮೇಲೆ ಬರೆದಿಡುತ್ತಾರೆ, ಆದ್ದರಿಂದ ಚೌಕಾಶಿಯ ಗೊಂದಲವಿಲ್ಲ. ತರಕಾರಿಯ ಹೆಸರು, ಅಂಕಿ, ಅಕ್ಷರ ಮೂರೂ ಒಂದೇ ಹಲಗೆಯಲ್ಲಿ ಸಿಗುತ್ತವೆ. ಬೆಳಿಗ್ಗೆ ಬೇಗ ಹೋಗಿ, ಹಲಗೆಯ ಮುಂದೆ ಐದು ನಿಮಿಷ ನಿಂತು ಓದಿ, ಆಮೇಲೆ ಒಳಗೆ ಹೋಗಿ.

2. ಹತ್ತು ದಿನದಲ್ಲಿ ಲಿಪಿ

ಟೌನ್ ಬಸ್ಸುಗಳ ಬೋರ್ಡು ಹೆಚ್ಚಾಗಿ ತಮಿಳಿನಲ್ಲೇ ಇರುತ್ತದೆ. ಮಾತಿಗಿಂತ ಮೊದಲು ಓದು ಕಲಿತರೆ ಯಾರನ್ನೂ ಕೇಳದೆ ಓಡಾಡಬಹುದು. ಕೊರಿಯಾದ ದೊಡ್ಡ ಬಂದರು ನಗರ ಬುಸಾನ್‌ಗೆ ಕೆಲಸಕ್ಕೆ ಹೋಗುವವರಿಗೂ ಮೊದಲು ಹಾಂಗುಲ್‌ನ 24 ಮೂಲ ಅಕ್ಷರ ಕಲಿತುಕೊಳ್ಳಿ ಅನ್ನುತ್ತಾರೆ. ಆದರೆ ಅಲ್ಲಿ ಬೋರ್ಡು ಓದಿದರೂ ಅರ್ಥ ಬೇರೆಯಾಗಿ ಕಲಿಯಬೇಕು. ಸೇಲಂನಲ್ಲಿ ಓದಿದ ಕೂಡಲೇ ಅರ್ಧ ಅರ್ಥ ತಾನಾಗಿ ಹೊಳೆಯುತ್ತದೆ.

ತಮಿಳಿನಲ್ಲಿ ಸ್ವರ 12, ವ್ಯಂಜನ 18. ನಮ್ಮ ಕ-ವರ್ಗದಲ್ಲಿ ಐದು ಅಕ್ಷರಗಳಿದ್ದರೆ ಅವರಿಗೆ ಎರಡೇ, 'ಕ' ಮತ್ತು 'ಙ'. ಮಹಾಪ್ರಾಣವಿಲ್ಲ. 'ಗ'ಕ್ಕೂ 'ಕ'ವೇ, 'ದ'ಕ್ಕೂ 'ತ'ವೇ. ಒತ್ತಕ್ಷರವಿಲ್ಲ, ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಟ್ಟರೆ ಅದು ಅರ್ಧ ವ್ಯಂಜನ. ಉಚ್ಚಾರಣೆಗೆ ಈ ನಿಯಮ ಸಾಕು: ಪದದ ಆರಂಭದಲ್ಲಿ ಮತ್ತು ಇಮ್ಮಡಿಸಿದಾಗ ಗಟ್ಟಿಯಾಗಿ, ಎರಡು ಸ್ವರಗಳ ನಡುವೆ ಮತ್ತು ಅನುನಾಸಿಕದ ನಂತರ ಮೃದುವಾಗಿ ಓದಿ. 'ಚ' ಪದದ ಆರಂಭದಲ್ಲಿ ಬಂದರೆ ಸಾಮಾನ್ಯವಾಗಿ 'ಸ'. ಸೇಲಂ ಎಂದು ಬರೆಯುವುದೂ 'ಚ'ಕಾರದಿಂದಲೇ.

ಸಂಸ್ಕೃತದ, ಕನ್ನಡದ ಹೆಸರುಗಳಿಗೆ ಈ ನಿಯಮ ಪೂರ್ತಿ ಹೊಂದುವುದಿಲ್ಲ. ಧರ್ಮಪುರಿಯ ಬಸ್ಸಿನ ಮೇಲೆ 'ತರುಮಪುರಿ' ಎಂಬಂತೆ ಕಾಣುತ್ತದೆ, ಬೆಂಗಳೂರು 'ಪೆಂಗಳೂರ್', ಹೊಸೂರು 'ಓಸೂರ್'. ನಮ್ಮವರಿಗೆ ಹೆಚ್ಚು ತೊಡಕಾಗುವುದು ಇನ್ನೊಂದು: ಎ, ಏ, ಐ ಸ್ವರಗಳ ಗುರುತು ಅಕ್ಷರದ ಎಡಗಡೆ ಬರುತ್ತದೆ. ಕಣ್ಣಿಗೆ ಮೊದಲು ಗುರುತು ಕಾಣುತ್ತದೆ, ಓದುವಾಗ ವ್ಯಂಜನ ಮೊದಲು. ಬಸ್ ನಿಲ್ದಾಣದಲ್ಲಿ ನಿಂತು ಸೇಲಂ, ಮೆಟ್ಟೂರು, ಪೆನ್ನಾಗರಂ ಈ ಮೂರು ಬೋರ್ಡುಗಳನ್ನು ಬಿಡಿಸಿ ಓದಿದರೆ ಆ ತೊಡಕು ಬಿಡುತ್ತದೆ.

3. ಮನೆ ಹಿಡಿಯುವಾಗ

ಕಚೇರಿ ಎಲ್ಲಿ ಎಂಬುದನ್ನು ನೋಡಿ ಬಡಾವಣೆ ಆರಿಸಿಕೊಳ್ಳಿ. ರೈಲ್ವೆಯವರಿಗೆ ಸೂರಮಂಗಲ ಹತ್ತಿರ, ಹಸ್ತಂಪಟ್ಟಿ, ಫೇರ್‌ಲ್ಯಾಂಡ್ಸ್ ಕಡೆ ಬಾಡಿಗೆ ಹೆಚ್ಚು, ಅಮ್ಮಾಪೇಟೆ, ಗುಗೈ ಕಡೆ ಹಳೆಯ ಊರಿನ ಕೇರಿಗಳು. 'ಮನೈ' ಎಂಬ ಬೋರ್ಡು ಕಂಡು ಮನೆಯೆಂದು ಓಡಬೇಡಿ. ಅಂಥ ಬೋರ್ಡುಗಳಲ್ಲಿ ಮನೈ ಎಂದರೆ ಖಾಲಿ ನಿವೇಶನ. ವಾಸದ ಮನೆ 'ವೀಡು', ನಮ್ಮ ಹಳೆಯ 'ಬೀಡು'.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಡಿ ತಿಂಗಳು. ನಮ್ಮ ಆಷಾಢದಂತೆ ಆಗ ಹಲವರು ಹೊಸ ಮನೆಗೆ ಹೋಗುವುದಿಲ್ಲ, ಒಕ್ಕಲನ್ನೂ ಇಡುವುದಿಲ್ಲ. ಆ ಸಮಯದಲ್ಲಿ ವರ್ಗವಾದರೆ ಮೊದಲೇ ಬಂದು ಮುಂಗಡ ಕೊಟ್ಟು ಮಾತು ಮುಗಿಸಿಕೊಳ್ಳಿ.

ಕರಾರು ಕಾಗದದ ಮೇಲಿರಲಿ. ತಮಿಳುನಾಡಿನ 2017ರ ಬಾಡಿಗೆ ಕಾಯಿದೆ 2019ರಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ ಲಿಖಿತ ಕರಾರು ಕಡ್ಡಾಯ. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರು, ಕೇಳಿದಷ್ಟು ಕೊಟ್ಟು ಬರುವ ಮುಂಚೆ ಇದನ್ನು ನೆನಪಿಡಿ. ನನ್ನ ಮೊದಲ ಮನೆಯಲ್ಲಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯಿತು. ಬಿಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಹಣ ಕಳೆದುಕೊಂಡೆ. ಕೇಳಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಕರೆಂಟಿನ ಲೆಕ್ಕ ಬೇರೆ. ಮೀಟರ್ ಓದುವುದು ಎರಡು ತಿಂಗಳಿಗೊಮ್ಮೆ. ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ. 500 ಯೂನಿಟ್ ದಾಟಿದರೆ ದರದ ಪಟ್ಟಿಯೇ ಬದಲಾಗುತ್ತದೆ. ನಿಮಗೆ ಪ್ರತ್ಯೇಕ ಮೀಟರ್ ಇದೆಯೇ, ಇಲ್ಲವೇ ಮನೆ ಮಾಲೀಕರು ಯೂನಿಟ್‌ಗೆ ಇಷ್ಟೆಂದು ವಸೂಲು ಮಾಡುತ್ತಾರೆಯೇ ಎಂಬುದನ್ನು ಮೊದಲ ದಿನವೇ ಕೇಳಿ. ಬೇಸಿಗೆಯಲ್ಲಿ ಇದು ದೊಡ್ಡ ಮೊತ್ತ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಸೇಲಂ ಸುಮಾರು 280 ಮೀಟರ್. ಅಷ್ಟು ಕೆಳಗಿಳಿದರೆ ನಾಲ್ಕು ಡಿಗ್ರಿ ಬಿಸಿ ತಾನಾಗಿ ಏರುತ್ತದೆ. ಮೇಲಿನ ಮಹಡಿಯ ಮನೆ ಅಗ್ಗಕ್ಕೆ ಸಿಕ್ಕಿದರೆ ಏಪ್ರಿಲ್ ಮಧ್ಯಾಹ್ನ ಒಮ್ಮೆ ಅಲ್ಲಿ ನಿಂತು ನೋಡಿ, ಆಮೇಲೆ ಒಪ್ಪಿಕೊಳ್ಳಿ.

4. ನೀರು: ಧರ್ಮಪುರಿಗೆ ಹೋಗುವವರು ಇದನ್ನು ಬಿಡದೆ ಓದಿ

ಸೇಲಂ ನಗರಕ್ಕೆ ಕುಡಿಯುವ ನೀರು ಮೆಟ್ಟೂರಿನಿಂದ ಬರುವ ಕಾವೇರಿ. 1934ರಲ್ಲಿ ಮುಗಿದ ಅಣೆಕಟ್ಟಿನದು. ಧರ್ಮಪುರಿ ಜಿಲ್ಲೆಯ ಸಂಗತಿ ಬೇರೆ. ಅಲ್ಲಿನ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಅಂತರ್ಜಲ ಆಳದಲ್ಲಿ ಬಂಡೆಯ ಸಂಗದಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತದೆ. ಇದಕ್ಕಾಗಿಯೇ ಜಪಾನಿನ ಸಾಲದ ನೆರವಿನಿಂದ ಹೊಗೆನಕಲ್ ಕುಡಿಯುವ ನೀರಿನ ಯೋಜನೆ ಬಂದು 2013ರಲ್ಲಿ ಉದ್ಘಾಟನೆಯಾಯಿತು. 2008ರಲ್ಲಿ ಅದೇ ಯೋಜನೆ ಎರಡು ರಾಜ್ಯಗಳ ನಡುವೆ ದೊಡ್ಡ ಜಗಳವಾಗಿತ್ತು. ಕಂದು ಹಲ್ಲಿನ ಶಾಲಾ ಮಕ್ಕಳನ್ನು ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ನೋಡಿದ ಮೇಲೆ ಆ ನೀರು ಅವರಿಗೆ ಎಷ್ಟು ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ನೀವು ಮಾಡಬೇಕಾದದ್ದು:

ಮನೆ ನೋಡಲು ಹೋದಾಗಲೇ "ಕಾವೇರಿ ತಣ್ಣಿಯಾ, ಬೋರ್ ತಣ್ಣಿಯಾ?" ಎಂದು ಕೇಳಿ. ತಣ್ಣಿ ಅಂದರೆ ನೀರು. ಕುಡಿಯುವ ನೀರನ್ನು 'ನಲ್ಲ ತಣ್ಣಿ' ಎಂದೂ, ಗಡಸು ಬೋರ್ ನೀರನ್ನು 'ಉಪ್ಪು ತಣ್ಣಿ' ಎಂದೂ ಕರೆಯುತ್ತಾರೆ. ಎರಡಕ್ಕೂ ಬೇರೆ ನಲ್ಲಿ ಇದೆಯೇ, ನಲ್ಲ ತಣ್ಣಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ತುಂಬಿಡಲು ತೊಟ್ಟಿ ಇದೆಯೇ ನೋಡಿಕೊಳ್ಳಿ.

ಬೋರ್ ನೀರೇ ಗತಿಯಾದರೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಅಂಶ ಇನ್ನೂ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ರೋಗಾಣುವಿಗೆ ಮಾತ್ರ. ಆರ್‌ಓ ಇದನ್ನು ತಗ್ಗಿಸುತ್ತದೆ. ಕುಡಿಯಲು ಮಾತ್ರವಲ್ಲ, ಅನ್ನ ಬೇಯಿಸಲು, ಸಾರಿಗೂ ಅದೇ ನೀರು ಬಳಸಿ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಇದರಲ್ಲಿ ಒಂದು ದಿನವೂ ಉದಾಸೀನ ಮಾಡಬೇಡಿ. ಅವರ ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸು ಅದು, ಬಿದ್ದ ಕಲೆ ಮತ್ತೆ ಹೋಗುವುದಿಲ್ಲ.

5. ಓಡಾಟ

ಬೆಂಗಳೂರಿನ ಬಸ್ಸು ಹೊಸ ನಿಲ್ದಾಣಕ್ಕೆ ಬರುತ್ತದೆ. ಊರೊಳಗಿನ ಟೌನ್ ಬಸ್ಸಿಗೆ ಹಳೆಯ ನಿಲ್ದಾಣ. 2021ರಿಂದ ಸಾಧಾರಣ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ರೈಲಿನಲ್ಲಿ ಟಿಕೆಟ್ ಮಾಡುವಾಗ ಸೇಲಂ ಜಂಕ್ಷನ್ ಮತ್ತು ಸೇಲಂ ಟೌನ್ ಬೇರೆ ಬೇರೆ ನಿಲ್ದಾಣಗಳೆಂಬುದು ಗೊತ್ತಿರಲಿ. ಬೆಂಗಳೂರಿನಿಂದ ರೈಲು ಎರಡು ದಾರಿಯಲ್ಲಿ ಬರುತ್ತದೆ, ಹೊಸೂರು-ಧರ್ಮಪುರಿ ಮೇಲೆ ಒಂದು, ಜೋಲಾರಪೇಟೆ ಮೇಲೆ ಇನ್ನೊಂದು. ಧರ್ಮಪುರಿಯಲ್ಲಿ ಇಳಿಯುವವರು ದಾರಿ ನೋಡಿ ಟಿಕೆಟ್ ಮಾಡಿ. ಸ್ವಂತ ವಾಹನದಲ್ಲಿ ಬರುವವರು ತೊಪ್ಪೂರು ಘಾಟ್ ಇಳಿಯುವಾಗ ಗೇರ್ ತಗ್ಗಿಸಿ, ಭಾರದ ಲಾರಿಗಳ ಮುಂದೆ ನುಗ್ಗಬೇಡಿ. ಬ್ರೇಕ್ ಕಾದು ಹಿಡಿಯದೆ ಹೋದ ಲಾರಿಗಳಿಂದ ಅಲ್ಲಿ ಮತ್ತೆ ಮತ್ತೆ ಅಪಘಾತಗಳಾಗಿವೆ.

ಕಾವೇರಿ ವಿಚಾರ ಬಿಸಿಯಾದ ದಿನಗಳಲ್ಲಿ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲೇ ನಿಂತುಬಿಡುತ್ತವೆ. ಆ ವಾರ ಪ್ರಯಾಣ ಮುಂದೂಡಿ, ತಪ್ಪದಿದ್ದರೆ ರೈಲು ಹಿಡಿಯಿರಿ. ಆ ದಿನಗಳಲ್ಲಿ ನನ್ನ ನೆರೆಯವರು ನನ್ನ ಮನೆಗೆ ಬಂದು "ಭಯಪಡಬೇಡಿ, ನಾವಿದ್ದೇವೆ" ಅಂದಿದ್ದರು.

6. ಕಾಗದ ಪತ್ರ, ಶಾಲೆ

ಡ್ರೈವಿಂಗ್ ಲೈಸೆನ್ಸ್ ಎಲ್ಲೆಡೆ ನಡೆಯುತ್ತದೆ. ಆದರೆ ಕರ್ನಾಟಕದ ನೋಂದಣಿಯ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಮರುನೋಂದಣಿ ಮಾಡಿಸಬೇಕು. ಹೊರಡುವ ಮುಂಚೆಯೇ ನಿಮ್ಮ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರದ ವಿಚಾರ ತಿಳಿದುಕೊಂಡರೆ ಆಮೇಲಿನ ಓಡಾಟ ಉಳಿಯುತ್ತದೆ.

ಮಕ್ಕಳ ಶಾಲೆಯ ವಿಷಯದಲ್ಲಿ ಭಾಷೆಯನ್ನು ಮೊದಲು ಕೇಳಿ. 2006ರ ತಮಿಳು ಕಲಿಕೆ ಕಾಯಿದೆ 10ನೇ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿದೆ. ಮಧ್ಯದ ತರಗತಿಗೆ ಸೇರುವ ಮಗುವಿಗೆ ಏನು ವ್ಯವಸ್ಥೆ, ಪರೀಕ್ಷೆಗೆ ಯಾವ ಭಾಷೆ ಎಂಬುದನ್ನು ಶುಲ್ಕ ಕಟ್ಟುವ ಮೊದಲು ತಿಳಿದುಕೊಳ್ಳಿ. ಚಿಕ್ಕ ಮಕ್ಕಳಿಗೆ ಇದೇನೂ ತೊಂದರೆಯಲ್ಲ. ಆರು ತಿಂಗಳಲ್ಲಿ ಅವರೇ ನಿಮಗೆ ಪಾಠ ಹೇಳುತ್ತಾರೆ.

7. ಊಟ

ಸಾಂಬಾರಿನಲ್ಲಿ ಬೆಲ್ಲ ಹುಡುಕಬೇಡಿ, ಸಿಗುವುದಿಲ್ಲ. ರಾಗಿ ಮಾತ್ರ ಮನೆಯದೇ. ಧರ್ಮಪುರಿ, ಸೇಲಂ ಹಳ್ಳಿಗಳಲ್ಲಿ ನಮ್ಮ ಮುದ್ದೆಗೆ 'ಕಳಿ' ಅನ್ನುತ್ತಾರೆ, ಸೊಪ್ಪಿನ ಸಾರಿನ ಜೊತೆ ಉಣ್ಣುತ್ತಾರೆ. ಸಜ್ಜೆಗೆ ಕಂಬು, ಜೋಳಕ್ಕೆ ಸೋಳಂ, ಸಾಮೆಗೆ ಸಾಮೈ. ಸಂಜೆ ಸೇಲಂ ಬೀದಿಯಲ್ಲಿ ತಟ್ಟುವಡೈ ಸೆಟ್ ತಿನ್ನಿ. ನಮ್ಮ ನಿಪ್ಪಟ್ಟಿನಂಥ ಎರಡು ಗರಿಗರಿ ಬಿಲ್ಲೆಗಳ ನಡುವೆ ತುರಿದ ಬೀಟ್‌ರೂಟ್, ಕ್ಯಾರೆಟ್, ಈರುಳ್ಳಿ, ಖಾರದ ಚಟ್ನಿ. ಕಟ್ಟಿಸಿಕೊಂಡು ಮನೆಗೆ ತಂದರೆ ಮೆತ್ತಗಾಗುತ್ತದೆ, ಅಂಗಡಿಯ ಮುಂದೆ ನಿಂತೇ ತಿನ್ನಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ಥರ ಕೇಳಿಸುವ ಪದಗಳನ್ನು ನಂಬಿಬಿಡುವುದು. ನಾಲ್ಕು ಸೂತ್ರ ಕಲಿತ ಹುಮ್ಮಸ್ಸಿನಲ್ಲಿ ಎಲ್ಲರೂ ಇಲ್ಲಿ ಎಡವುತ್ತಾರೆ. ತಮಿಳಿನ 'ಏನ್' ಅಂದರೆ ಏಕೆ, ಏನು ಅನ್ನಲು 'ಎನ್ನ'. 'ಎಂಗೆ' ಅಂದರೆ ಎಲ್ಲಿ, ಹೆಂಗೆ ಅನ್ನಲು 'ಎಪ್ಪಡಿ'. 'ಕಡೈ' ಅಂದರೆ ಅಂಗಡಿ. 'ವೇಲೈ' ಅಂದರೆ ಕೆಲಸ, ವೇಳೆಯಲ್ಲ. 'ಮಾಡು' ಅಂದರೆ ದನ. 'ತಿಂಗಳ್' ಅಂದರೆ ಸೋಮವಾರ, ತಿಂಗಳಿಗೆ 'ಮಾಸಂ'. ಬಾಡಿಗೆ ಮಾತಾಡುವಾಗ "ತಿಂಗಳ್ ಕೊಡ್ತೀನಿ" ಅಂದರೆ ಮಾಲೀಕರು ಸೋಮವಾರ ಬಾಗಿಲಿಗೆ ಬರುತ್ತಾರೆ. ಈ ಆರು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಸಿನಿಮಾದ ತಮಿಳು ಮಾತಾಡುವುದು. ಸಿನಿಮಾ ನೋಡಿ ಕಲಿತವರ ಬಾಯಲ್ಲಿ ಮೊದಲು ಬರುವುದು 'ವಾಡಾ', 'ಪೋಡಾ'. ಅದು ನಮ್ಮ ಬಾರೋ, ಹೋಗೋ. ಗೆಳೆಯರ ನಡುವೆ ಸರಿ, ಅಂಗಡಿಯವರಿಗೆ, ಆಟೋದವರಿಗೆ ಹಾಗೆ ಅಂದರೆ ಮರ್ಯಾದೆ ಕೆಡುತ್ತದೆ. ಗೌರವಕ್ಕೆ ಕೊನೆಯಲ್ಲಿ 'ಂಗ' ಬರುತ್ತದೆ: ವಾಂಗ, ಪೋಂಗ, ಸೊಲ್ಲುಂಗ. ಉತ್ತರ ಕರ್ನಾಟಕದ ಬರ್ರಿ, ಹೋಗ್ರಿ, ಹೇಳ್ರಿಯ ಜಾಗದಲ್ಲಿ ಅದು ಕೂರುತ್ತದೆ. ನೀನು, ನೀವುಗಳ ಹಾಗೆ ಅಲ್ಲಿ ನೀ, ನೀಂಗ. ಕರೆಯಲು ಅಣ್ಣಾ, ಅಕ್ಕಾ, ಅಮ್ಮಾ, ತಾತಾ ನಮ್ಮವೇ. ಚಿಕ್ಕವನಿಗೆ ತಂಬಿ, ಅಜ್ಜಿಗೆ ಪಾಟಿ. ಯಾರ ಮನೆಯಿಂದಲಾದರೂ ಹೊರಡುವಾಗ "ಪೋರೇನ್" ಅನ್ನಬೇಡಿ, "ಪೋಯಿಟ್ಟು ವರೇನ್" ಅನ್ನಿ. ನಮ್ಮಲ್ಲೂ ಹೋಗ್ತೀನಿ ಅನ್ನುವುದಿಲ್ಲವಲ್ಲ, ಹೋಗಿಬರ್ತೀನಿ ಅನ್ನುತ್ತೇವೆ.

ಪ್ರತಿ ಶನಿವಾರ ಬೆಂಗಳೂರಿಗೆ ಓಡುವುದು. ಹತ್ತಿರವಿದೆ ಎಂಬುದೇ ಸೇಲಂನ ದೊಡ್ಡ ತೊಂದರೆ. ವಾರಕ್ಕೆ ಐದು ದಿನ ಕಚೇರಿ, ಎರಡು ದಿನ ಊರು ಅಂದುಕೊಂಡವರು ಮೂರು ವರ್ಷವಾದರೂ ಹಾಲಿನವರ ಹೆಸರು ಕೇಳಿರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ನಾಲ್ಕು ಭಾನುವಾರವಾದರೂ ಅಲ್ಲೇ ಇರಿ. ಒಂದು ದಿನ ಇಪ್ಪತ್ತು ತಿರುವು ಹತ್ತಿ ಯೇರ್ಕಾಡಿನ ಕಾಫಿ ತೋಟಗಳಿಗೆ, ಒಂದು ದಿನ ಮೆಟ್ಟೂರಿಗೆ. ಆಡಿ ತಿಂಗಳಲ್ಲಿ ಕೋಟೆ ಮಾರಿಯಮ್ಮನ ಹಬ್ಬಕ್ಕೆ ನೆರೆಯವರ ಜೊತೆ ಹೋಗಿ. ಆಡಿ ಹದಿನೆಂಟರಂದು ಮಾತ್ರ ಮೆಟ್ಟೂರು, ಹೊಗೆನಕಲ್ ಎರಡೂ ಕಡೆ ನದಿ ಸ್ನಾನಕ್ಕೆ ಜನಸಾಗರ ಸೇರುತ್ತದೆ, ಸಣ್ಣ ಮಕ್ಕಳೊಂದಿಗೆ ಹೋಗಬೇಡಿ.

ಅಲ್ಲಿನ ಕನ್ನಡವನ್ನು ತಿದ್ದುವುದು. ಇದನ್ನು ಕೊನೆಗೆ ಹೇಳುತ್ತಿದ್ದರೂ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಸೇಲಂನಲ್ಲಿ ನೇಯ್ಗೆಯ ದೇವಾಂಗ ಕುಟುಂಬಗಳು ಬಹಳ ಇವೆ. ಅವರಲ್ಲಿ ಹಲವರದು ಮನೆಮಾತು ಕನ್ನಡ, ಓದುಬರಹ ತಮಿಳು. ತಲೆಮಾರುಗಳಿಂದ ಕನ್ನಡದ ಪುಸ್ತಕ, ಶಾಲೆ, ಪತ್ರಿಕೆ ಏನೂ ಇಲ್ಲದೆ, ಬರೀ ಅಮ್ಮನ ಬಾಯಿಂದ ಮಗುವಿನ ಕಿವಿಗೆ ಆ ಭಾಷೆ ನಡೆದುಬಂದಿದೆ. ಸಹಜವಾಗಿ ಅದರಲ್ಲಿ ತಮಿಳು ಸೇರಿದೆ, ನಾವು ಬಿಟ್ಟ ಹಳೆಯ ಪದಗಳೂ ಉಳಿದಿವೆ. ಹೊಸಬರು ಅದನ್ನು ಕೇಳಿ ನಗುತ್ತಾರೆ, ಇಲ್ಲವೇ "ಹಾಗಲ್ಲ, ಹೀಗೆ ಅನ್ನಬೇಕು" ಅನ್ನುತ್ತಾರೆ. ಒಮ್ಮೆ ತಿದ್ದಿದರೆ ಸಾಕು, ಅವರು ನಿಮ್ಮೊಂದಿಗೆ ಮುಂದೆ ತಮಿಳಿನಲ್ಲೇ ಮಾತಾಡುತ್ತಾರೆ.

ನಾನು ಇದ್ದ ಬೀದಿಯಲ್ಲಿ ಒಂದು ಮನೆ. ಒಳಗೆ ಗುಂಡಿ ಮಗ್ಗ, ಅದರಲ್ಲಿ ಅರ್ಧ ನೇಯ್ದ ವೆಣ್ಪಟ್ಟು, ಸೇಲಂಗೆ ಹೆಸರು ತಂದ ಬಿಳಿ ರೇಷ್ಮೆ ಪಂಚೆ. ನಾನು ಮನೆಯವರೊಂದಿಗೆ ಹರಕು ತಮಿಳಿನಲ್ಲಿ ಬೆಲೆ ವಿಚಾರಿಸುತ್ತಿದ್ದೆ. ಮಗ್ಗದ ಪಕ್ಕ ನೂಲು ಸುತ್ತುತ್ತಿದ್ದ ಅಜ್ಜಿ ಮೊಮ್ಮಗನನ್ನು ಕರೆದು, "ಬಾಗ್ಲು ಹಾಕೋ, ಬೆಕ್ಕು ಬರ್ತದೆ" ಅಂದರು. ನಾನು ಮಾತು ನಿಲ್ಲಿಸಿದೆ. "ಅಜ್ಜಿ, ನೀವು ಕನ್ನಡದವರಾ?" ಎಂದು ಕೇಳಿದೆ. ಅವರು ನೂಲಿನಿಂದ ಕಣ್ಣೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. "ನಾವು ಈ ಊರಿನವರು. ಮಾತು ಕನ್ನಡ. ನೀವು ಯಾವೂರು?" ಅಂದರು. ಪಂಚೆಯ ಬೆಲೆ ಕೇಳುವುದು ಆ ದಿನ ಮರೆತೇಹೋಯಿತು. ಮುಂದಿನ ವಾರ ಚೌಡೇಶ್ವರಿ ಗುಡಿಯ ಪ್ರಸಾದವನ್ನು ಒಂದು ಡಬ್ಬಿಯಲ್ಲಿ ಹಾಕಿ ಮೊಮ್ಮಗನ ಕೈಯಲ್ಲಿ ಕಳಿಸಿದರು. ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದೆಂದು ಊರಿಂದ ತಂದಿದ್ದ ಧಾರವಾಡ ಪೇಡ ತುಂಬಿಸಿ ಕೊಟ್ಟೆ.